ಓದುಗರ ಪ್ರಶ್ನೋತ್ತರ: ಸರ್ವರ್‌ಗಳಿಗೂ ಒಂದು ಪಹಣಿ ಬೇಕು

ಪ್ರಶ್ನೆ: ಅಡಿಕೆ ಮಂಡಿಗಳ ಲೆಕ್ಕಪತ್ರಕ್ಕೆ ತಂತ್ರಾಂಶ ಒದಗಿಸುವ ಚಿಕ್ಕ ಸಂಸ್ಥೆ ನಮ್ಮದು. ನಾಲ್ಕು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರು ಅಮೆಜಾನ್ ಕ್ಲೌಡ್‌ನಲ್ಲಿ ಸರ್ವರ್, ಡೇಟಾಬೇಸ್ ಎಲ್ಲವನ್ನೂ ಕನ್ಸೋಲ್ ಎಂಬ ಅದರ ನಿರ್ವಹಣಾ ಪುಟದಲ್ಲೇ ಕ್ಲಿಕ್ ಮಾಡಿ ಸಿದ್ಧಪಡಿಸಿದ್ದರು. ಅವರು ಕೆಲಸ ಬಿಟ್ಟ ಮೇಲೆ, ಯಾವುದನ್ನು ಮುಟ್ಟಿದರೆ ಯಾವುದು ನಿಲ್ಲುವುದೋ ಎಂಬ ಅಂಜಿಕೆಯಿಂದ ಯಾರೂ ಕೈ ಹಾಕುತ್ತಿಲ್ಲ. ಟೆರಾಫಾರ್ಮ್ ಬಳಸಿ ಎಂದು ಕೆಲವರು ಹೇಳಿದರೆ, ಅದರ ಲೈಸೆನ್ಸ್ ಬದಲಾಗಿದೆ, ಓಪನ್‌ಟೋಫು ಬಳಸಿ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಬೇಕು? ಇರುವುದನ್ನೆಲ್ಲ ಕೆಡವಿ ಹೊಸದಾಗಿ ಕಟ್ಟಬೇಕೇ? (ಶಿವಮೊಗ್ಗದ ಓದುಗರು)

ಉತ್ತರ: ಏನನ್ನೂ ಕೆಡವಬೇಕಾಗಿಲ್ಲ. ಈ ಎರಡೂ ಸಾಧನಗಳ ಕೆಲಸ ಒಂದೇ: ಯಾವ ಸರ್ವರ್ ಎಷ್ಟು ದೊಡ್ಡದಿರಬೇಕು, ಯಾವ ಡೇಟಾಬೇಸಿಗೆ ಯಾರ ಸಂಪರ್ಕ ಇರಬೇಕು ಎಂಬುದನ್ನು ಫೈಲಿನಲ್ಲಿ ಬರೆದಿಟ್ಟರೆ, ಕ್ಲೌಡ್‌ನಲ್ಲಿರುವ ಸ್ಥಿತಿಯನ್ನು ಆ ಬರಹಕ್ಕೆ ಹೊಂದಿಸುವುದು. ಏನೇನು ಕಟ್ಟಿದ್ದೇವೆ ಎಂಬ ದಾಖಲೆಯನ್ನು ಅವು ಸ್ಟೇಟ್ ಫೈಲ್ ಎಂಬ ಕಡತದಲ್ಲಿ ಇಡುತ್ತವೆ. ಜಮೀನಿಗೆ ಪಹಣಿ ಇದ್ದ ಹಾಗೆ ನಿಮ್ಮ ಸರ್ವರ್‌ಗಳಿಗೆ ಈ ಸ್ಟೇಟ್ ಫೈಲ್. ಈಗ ನಿಮ್ಮಲ್ಲಿ ಜಮೀನಿದೆ, ಪಹಣಿ ಇಲ್ಲ. ಮೊದಲು ಆಗಬೇಕಾದ ಕೆಲಸ ಅದನ್ನು ಮಾಡಿಸುವುದು.

ಇರುವ ಸರ್ವರನ್ನು ಹಾಗೆಯೇ ಈ ದಾಖಲೆಗೆ ಸೇರಿಸಿಕೊಳ್ಳುವುದಕ್ಕೆ ಇಂಪೋರ್ಟ್ ಎನ್ನುತ್ತಾರೆ. 2023ರ ಜೂನ್‌ನಲ್ಲಿ ಬಂದ ಟೆರಾಫಾರ್ಮ್ 1.5ರಿಂದ ಈಚೆಗೆ ಇದು ಬಹಳ ಸುಲಭವಾಗಿದೆ. ಸರ್ವರಿನ ಗುರುತಿನ ಸಂಖ್ಯೆಯನ್ನು ಕೊಟ್ಟರೆ ಅದರ ವಿವರಣೆಯ ಕರಡನ್ನು ಸಾಧನವೇ ಬರೆದುಕೊಡುತ್ತದೆ. ಓಪನ್‌ಟೋಫುವಿನಲ್ಲಿಯೂ ಇದೇ ಸೌಲಭ್ಯವಿದೆ. ಮೊದಲು ಯಾವುದಾದರೂ ಚಿಕ್ಕ ಸ್ಟೋರೇಜ್ ಬಕೆಟ್‌ನಿಂದ (ಫೈಲುಗಳನ್ನಿಡುವ ಜಾಗ) ಆರಂಭಿಸಿ, ಆಮೇಲೆ ಸರ್ವರ್‌ಗಳನ್ನು ಸೇರಿಸಿ, ಡೇಟಾಬೇಸನ್ನು ಕಡೆಗೆ ಇಟ್ಟುಕೊಳ್ಳಿ. ಪ್ರತಿ ಸಲವೂ ಏನೇನು ಬದಲಾಗಲಿದೆ ಎಂದು ಮೊದಲೇ ತೋರಿಸುವ ಪ್ಲಾನ್ ಎಂಬ ಆದೇಶ ಕೊಟ್ಟು, ಬದಲಾವಣೆ ಏನೂ ಇಲ್ಲ ಎಂಬ ಉತ್ತರ ಬರುವವರೆಗೆ ಕರಡನ್ನು ತಿದ್ದಿ. ಆ ಉತ್ತರ ಬಂದರೆ ಬರಹಕ್ಕೂ ವಾಸ್ತವಕ್ಕೂ ತಾಳೆಯಾಯಿತು ಎಂದರ್ಥ.

ಆ ಪ್ಲಾನ್‌ನ ಉತ್ತರವನ್ನು ಕೊನೆಯ ಸಾಲಿನವರೆಗೂ ಓದುವ ಅಭ್ಯಾಸವನ್ನು ಇಡೀ ತಂಡ ರೂಢಿಸಿಕೊಳ್ಳಬೇಕೆಂಬುದು ನನ್ನ ಕಳಕಳಿಯ ವಿನಂತಿ. ನಾನು ಒಮ್ಮೆ ಚಾಲ್ತಿಯಲ್ಲಿದ್ದ ಡೇಟಾಬೇಸಿಗೆ ಎನ್‌ಕ್ರಿಪ್ಷನ್ (ಕೀಲಿ ಇಲ್ಲದವರು ಓದಲಾಗದಂತೆ ಮಾಡುವುದು) ಬೇಕೆಂದು ಒಂದೇ ಒಂದು ಸಾಲು ಸೇರಿಸಿದ್ದೆ. ಒಳ್ಳೆಯ ಉದ್ದೇಶದ ಬದಲಾವಣೆಯಾದ್ದರಿಂದ ಅಪಾಯದ ಯೋಚನೆಯೇ ಬಂದಿರಲಿಲ್ಲ. ಪರದೆಯ ಕೆಳತುದಿಯಲ್ಲಿ, ‘1 ಟು ಆ್ಯಡ್, 0 ಟು ಚೇಂಜ್, 1 ಟು ಡಿಸ್ಟ್ರಾಯ್’ ಎಂದಿತ್ತು. ಅಮೆಜಾನ್‌ನ ಆರ್‌ಡಿಎಸ್ ಸೇವೆಯಲ್ಲಿ ಓಡುತ್ತಿರುವ ಡೇಟಾಬೇಸಿಗೆ ನೇರವಾಗಿ ಎನ್‌ಕ್ರಿಪ್ಷನ್ ಹಾಕಲು ಬರುವುದಿಲ್ಲ; ಆದ್ದರಿಂದ ಸಾಧನವು ಹಳೆಯದನ್ನು ಅಳಿಸಿ, ಖಾಲಿಯಾದ ಹೊಸದೊಂದನ್ನು ಕಟ್ಟಲು ಹೊರಟಿತ್ತು. ‘ಯೆಸ್’ ಎಂದು ಬರೆದಿದ್ದರೆ ಗಿರಾಕಿಗಳ ವರ್ಷಗಳ ದಾಖಲೆ ಹೋಗುತ್ತಿತ್ತು. ಅಂದಿನಿಂದ ಪ್ರತಿ ಡೇಟಾಬೇಸಿನ ವಿವರಣೆಯಲ್ಲೂ ಅಳಿಸುವುದನ್ನು ತಡೆಯುವ ‘ಪ್ರಿವೆಂಟ್ ಡಿಸ್ಟ್ರಾಯ್’ ಎಂಬ ಸಾಲನ್ನು ತಪ್ಪದೆ ಇಡುತ್ತೇನೆ. ಆದರೆ ಯಾರಾದರೂ ಆ ವಿವರಣೆಯ ಭಾಗವನ್ನೇ ಪೂರ್ತಿ ತೆಗೆದುಹಾಕಿದರೆ ಈ ಕಾವಲೂ ಅದರೊಂದಿಗೇ ಹೋಗುತ್ತದೆ. ಆದಕಾರಣ ಕ್ಲೌಡ್‌ನಲ್ಲಿಯೇ ಇರುವ ಡಿಲೀಷನ್ ಪ್ರೊಟೆಕ್ಷನ್ ಸೌಲಭ್ಯವನ್ನೂ ಚಾಲೂ ಮಾಡಿಡಿ.

ಇನ್ನು ಲೈಸೆನ್ಸ್ ವಿಚಾರ. ಟೆರಾಫಾರ್ಮ್ ತಯಾರಿಸುವ ಹ್ಯಾಶಿಕಾರ್ಪ್ ಸಂಸ್ಥೆಯು 2023ರ ಆಗಸ್ಟ್‌ನಲ್ಲಿ ಮುಕ್ತ ಲೈಸೆನ್ಸನ್ನು ಕೈಬಿಟ್ಟು, ತನಗೆ ಪೈಪೋಟಿಯಾಗುವ ಉತ್ಪನ್ನಗಳಲ್ಲಿ ಅದನ್ನು ಬಳಸದಂತೆ ನಿರ್ಬಂಧಿಸುವ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಹೋಯಿತು. ಇದನ್ನು ಒಪ್ಪದವರು ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದು ಕಟ್ಟಿದ್ದೇ ಓಪನ್‌ಟೋಫು. ಅದು ಲಿನಕ್ಸ್ ಫೌಂಡೇಷನ್ ಆಶ್ರಯದಲ್ಲಿದ್ದು, ಮೊದಲ ಸ್ಥಿರ ಆವೃತ್ತಿ 2024ರ ಜನವರಿಯಲ್ಲಿ ಬಂತು. 2025ರ ಫೆಬ್ರವರಿಯಲ್ಲಿ ಹ್ಯಾಶಿಕಾರ್ಪ್ ಐಬಿಎಂ ಪಾಲಾಯಿತು. ನಿಮ್ಮದೇ ಸರ್ವರ್‌ಗಳನ್ನು ನೋಡಿಕೊಳ್ಳುವುದಕ್ಕೆ ಟೆರಾಫಾರ್ಮ್ ಬಳಸಿದರೆ ಲೈಸೆನ್ಸಿನ ತೊಡಕೇನೂ ಇಲ್ಲ. ಆದರೂ ಹೊಸದಾಗಿ ಆರಂಭಿಸುವ ನಿಮ್ಮಂಥವರಿಗೆ ನಾನು ಓಪನ್‌ಟೋಫುವನ್ನೇ ಸೂಚಿಸುತ್ತೇನೆ. ಸ್ಟೇಟ್ ಫೈಲ್‌ನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಸಹ ಯಾರು ಬೇಕಾದರೂ ಓದುವಂತೆ ಕುಳಿತಿರುವ ಸಂಭವವಿದೆ. ಇಡೀ ಫೈಲನ್ನು ಬೀಗ ಹಾಕಿ ಇಡುವ ಎನ್‌ಕ್ರಿಪ್ಷನ್ ಸೌಲಭ್ಯ ಓಪನ್‌ಟೋಫುವಿನ 1.7ನೆಯ ಆವೃತ್ತಿಯಿಂದ ಅದರಲ್ಲಿಯೇ ಅಡಕವಾಗಿದೆ. ಯಾವುದನ್ನೇ ಆರಿಸಿಕೊಂಡರೂ ಸ್ಟೇಟ್ ಫೈಲನ್ನು ಒಬ್ಬರ ಲ್ಯಾಪ್‌ಟಾಪಿನಲ್ಲಾಗಲಿ, ಕೋಡ್ ಇಡುವ ಗಿಟ್‌ನಲ್ಲಾಗಲಿ ಇಡಬೇಡಿ. ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವ ವರ್ಷನಿಂಗ್ ಚಾಲೂ ಇರುವ, ಇಬ್ಬರು ಮೂವರಿಗೆ ಮಾತ್ರ ಪ್ರವೇಶವಿರುವ ಎಸ್3 (ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ) ಬಕೆಟ್‌ನಲ್ಲಿಡಿ. ಇಲ್ಲದಿದ್ದರೆ ಮತ್ತೊಬ್ಬರು ಕೆಲಸ ಬಿಟ್ಟ ದಿನ ಇದೇ ಪ್ರಶ್ನೆ ಮತ್ತೆ ನಿಮ್ಮ ಮುಂದೆ ನಿಲ್ಲುತ್ತದೆ.

ಪ್ರಶ್ನೆ: ಒಂದು ಸರ್ವರನ್ನೂ ಹೆಚ್ಚಿಸಿಲ್ಲ, ಆದರೂ 2024ರಿಂದ ನಮ್ಮ ಅಮೆಜಾನ್ ಬಿಲ್ಲಿನಲ್ಲಿ ಪಬ್ಲಿಕ್ ಐಪಿವಿ4 ಎಂಬ ಹೊಸ ಬಾಬತ್ತು ಬರುತ್ತಿದೆ. ಇದನ್ನು ತಪ್ಪಿಸಬಹುದೇ? (ಮೈಸೂರಿನ ಓದುಗರು)

ಉತ್ತರ: 2024ರ ಫೆಬ್ರವರಿ 1ರಿಂದ ಅಮೆಜಾನ್ ಇಂಟರ್ನೆಟ್‌ನಲ್ಲಿ ಸರ್ವರನ್ನು ಗುರುತಿಸುವ ಪ್ರತಿಯೊಂದು ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಶುಲ್ಕ ವಿಧಿಸುತ್ತಿದೆ. ವರ್ಷಕ್ಕೆ ಲೆಕ್ಕ ಹಾಕಿದರೆ ವಿಳಾಸವೊಂದಕ್ಕೆ 43.80 ಡಾಲರ್, ಹತ್ತು ವಿಳಾಸಗಳಿದ್ದರೆ 438 ಡಾಲರ್. ಅದಕ್ಕೆ ಮೊದಲು, ಬಳಸದೆ ಬಿಟ್ಟ ವಿಳಾಸಗಳಿಗೆ ಶುಲ್ಕವಿತ್ತು, ಓಡುತ್ತಿರುವ ಸರ್ವರಿಗೆ ಅಂಟಿಕೊಂಡ ಒಂದು ವಿಳಾಸಕ್ಕೆ ಇರಲಿಲ್ಲ. ಯಾವ ವಿಳಾಸ ಎಲ್ಲಿ ಬಳಕೆಯಲ್ಲಿದೆ ಎಂಬುದನ್ನು ಪಬ್ಲಿಕ್ ಐಪಿ ಇನ್‌ಸೈಟ್ಸ್ ಎಂಬ ಪುಟ ಉಚಿತವಾಗಿ ತೋರಿಸುತ್ತದೆ. ಬರುವ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನ ಹಿಂದಿರುವ ಸರ್ವರ್‌ಗಳಿಗೂ ಡೇಟಾಬೇಸಿಗೂ ಸಾರ್ವಜನಿಕ ವಿಳಾಸ ಬೇಕಾಗಿಲ್ಲ. ತೆಗೆದರೆ ಹಣದ ಜೊತೆಗೆ ಭದ್ರತೆಯೂ ಸಿಗುತ್ತದೆ. ಆದರೆ ವಿಳಾಸ ತೆಗೆದ ಸರ್ವರ್ ಅಪ್‌ಡೇಟ್‌ಗಳಿಗಾಗಿ ಹೊರಗೆ ಹೋಗಲು ನ್ಯಾಟ್ ಗೇಟ್‌ವೇ ಹಾಕಿಕೊಂಡರೆ, ಅದರ ಗಂಟೆಯ ಬಾಡಿಗೆಯೇ ಒಂದು ವಿಳಾಸದ ಶುಲ್ಕಕ್ಕಿಂತ ಹಲವು ಪಟ್ಟು ಹೆಚ್ಚು, ಡೇಟಾದ ದರ ಬೇರೆ. ಎರಡು ಮೂರು ಸರ್ವರ್‌ಗಳಷ್ಟೇ ಇದ್ದರೆ ಆ ಶುಲ್ಕ ಕಟ್ಟಿಕೊಂಡು, ಫೈರ್‌ವಾಲ್ ನಿಯಮಗಳನ್ನು ಬಿಗಿಗೊಳಿಸುವುದೇ ಅಗ್ಗ.

ಪ್ರಶ್ನೆ: ನಮ್ಮ ಸರ್ವರ್‌ಗಳು ಅಮೆಜಾನ್‌ನ ಮುಂಬೈ ರೀಜನ್‌ನಲ್ಲಿವೆ (ಅಲ್ಲಿನ ದತ್ತಾಂಶ ಕೇಂದ್ರಗಳ ಗುಂಪು). ಬ್ಯಾಕಪ್ ಕೂಡ ಅಲ್ಲೇ ಇದ್ದರೆ ಸಾಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಸಾಲದು; ಆ ರೀಜನ್ನಿಗೇ ತೊಂದರೆಯಾದರೆ ಎರಡೂ ಒಟ್ಟಿಗೆ ಕೈತಪ್ಪಬಹುದು. 2022ರ ನವೆಂಬರ್‌ನಲ್ಲಿ ಅಮೆಜಾನ್ ಹೈದರಾಬಾದ್ ರೀಜನ್ ಆರಂಭಿಸಿದ್ದರಿಂದ, ದತ್ತಾಂಶ ದೇಶದೊಳಗೇ ಇರುವಂತೆ ಇನ್ನೊಂದು ಪ್ರತಿಯನ್ನು ಅಲ್ಲಿಡಬಹುದು; ಆ ರೀಜನನ್ನು ಖಾತೆಯಲ್ಲಿ ಮೊದಲು ಸಕ್ರಿಯಗೊಳಿಸಿಕೊಳ್ಳಬೇಕು. ಆದರೆ ಪ್ರತಿ ಎಲ್ಲಿದೆ ಎಂಬುದಕ್ಕಿಂತ ಅದು ಮರಳಿ ಎದ್ದು ನಿಲ್ಲುತ್ತದೆಯೇ ಎಂಬುದು ಮುಖ್ಯ. 2017ರ ಜನವರಿ 31ರಂದು ತಂತ್ರಾಂಶದ ಕೋಡ್ ಇಡುವ ಸೇವೆ ನಡೆಸುವ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿದಾಗ, ನಿತ್ಯದ ಬ್ಯಾಕಪ್ ಬಹುಕಾಲದಿಂದ ವಿಫಲವಾಗುತ್ತಿದ್ದುದು ಆಗ ಗೊತ್ತಾಯಿತು. ಸುಮಾರು ಆರು ಗಂಟೆಗಳ ದತ್ತಾಂಶ ಕಳೆದುಹೋಯಿತು. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಉಪಕಾರ. ತಿಂಗಳಿಗೊಮ್ಮೆ ಹೈದರಾಬಾದಿನ ಪ್ರತಿಯಿಂದ ಚಿಕ್ಕದೊಂದು ಡೇಟಾಬೇಸ್ ಎಬ್ಬಿಸಿ, ಹಿಂದಿನ ದಿನದ ಕೊನೆಯ ರಸೀದಿ ಅದರಲ್ಲಿದೆಯೇ ಎಂದು ನೋಡಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟುಕೊಂಡು, ಆಮೇಲೆ ಅದನ್ನು ಮರೆಯದೆ ಅಳಿಸಿ. ಹಾಗೇ ಬಿಟ್ಟರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಅದೂ ಸೇರುತ್ತದೆ.