ಶ್ರೀಶೈಲ ಪಾದಯಾತ್ರೆ: ಮೊಣಕಾಲು ನೋವಿದ್ದರೆ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೊರಟಿರುವ ನಿಮ್ಮ ತಾಯಿಗೆ ಮೊಣಕಾಲು ನೋವು, ನಲ್ಲಮಲ ಕಾಡಿನ ದಾರಿ ಆದೀತೇ ಅಂತ ಕೇಳಿದ್ದೀರಿ. ಆತ್ಮಕೂರಿನವರೆಗೆ ಡಾಂಬರು ರಸ್ತೆ, ನಿಧಾನವಾಗಿ ನಡೆಯಲಿ. ವೆಂಕಟಾಪುರ ದಾಟಿ ನಾಗಲೂಟಿ, ಪೆದ್ದಚೆರುವು ಕಡೆ ಕಾಡು ಹೊಕ್ಕರೆ ಬರೀ ಕಲ್ಲುದಾರಿ. ನಿಜವಾದ ಕಷ್ಟ ಇರುವುದು ಭೀಮನ ಕೊಳದಲ್ಲಿ: ಕಣಿವೆಯ ಆಳಕ್ಕೆ ಇಳಿದು, ಮತ್ತೆ ಕೈಲಾಸ ದ್ವಾರದವರೆಗೆ ಕಲ್ಲಿನ ಮೆಟ್ಟಿಲು ಹತ್ತಬೇಕು. ನೋಯುವ ಮೊಣಕಾಲಿಗೆ ಏರಿಗಿಂತ ಆ ಇಳಿಜಾರೇ ಹೆಚ್ಚು ಪೆಟ್ಟು.

ಹಾಗಾಗಿ ಆತ್ಮಕೂರಿನಿಂದ ಅವರನ್ನು ದೋರ್ನಾಲ ಮಾರ್ಗವಾಗಿ ಬಸ್ಸಿನಲ್ಲಿ ಕಳಿಸಿ. ಶ್ರೀಶೈಲದ ದೇವಿ ಭ್ರಮರಾಂಬೆಯನ್ನು ನಮ್ಮ ಮನೆಮಗಳೆಂದೇ ಕಾಣುವವರು ನಾವು. ಆಕೆಗೆ ಉಡಿ ತುಂಬುವ ಸೀರೆ, ಕುಪ್ಪಸ ನಿಮ್ಮ ತಾಯಿಯ ಕೈಯಲ್ಲೇ ಇರಲಿ. ನಡೆದೇ ಬರುತ್ತೇನೆ ಅಂದರೆ ಕೋಲು ಕೊಡಿ, ನೀರು ಜಾಸ್ತಿ ಇಟ್ಟುಕೊಳ್ಳಿ, ಬಿಸಿಲೇರುವ ಮುಂಚೆ ಹೊರಡಿ. ಅದು ಹುಲಿ ಇರುವ ಕಾಡು, ಗುಂಪು ಬಿಡಬೇಡಿ.