ಓದುಗರ ಪ್ರಶ್ನೋತ್ತರ: ಗಣಪತಿ ವಿಸರ್ಜನೆಯ ರಾತ್ರಿ ಲಿವರ್‌ಪೂಲ್ ಪಂದ್ಯವಿದೆಯೇ?

ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ 2026–27ರ ಋತು ಆಗಸ್ಟ್ 22ರ ವಾರಾಂತ್ಯದಲ್ಲಿ ಆರಂಭವಾಗಿ 2027ರ ಮೇ 30ರ ರವಿವಾರ ಮುಗಿಯಲಿದೆ ಎಂಬುದು ಗೊತ್ತಾದ ಮೇಲೆ, ಯಾವ ದಿನ ಯಾರು ಎದುರಾಳಿ ಎಂಬ ಪಟ್ಟಿ ಕೈಸೇರುವ ಮೊದಲೇ, ಬೆಳಗಾವಿ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಫುಟ್‌ಬಾಲ್ ಪ್ರಿಯರಿಂದ ಪತ್ರಗಳು ಬರತೊಡಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಏಳು ಜನ ಗೆಳೆಯರು ಹತ್ತು ವರ್ಷಗಳಿಂದ ಲಿವರ್‌ಪೂಲ್ ತಂಡದ ಪಂದ್ಯಗಳನ್ನು ಒಂದೇ ಮನೆಯಲ್ಲಿ ಕೂತು ನೋಡುತ್ತಾ ಬಂದಿದ್ದೇವೆ. 2025–26ರಲ್ಲಿ ನಮ್ಮ ತಂಡ ಮೊದಲ ಐದೂ ಲೀಗ್ ಪಂದ್ಯಗಳನ್ನು ಗೆದ್ದಿತ್ತು. ಆಮೇಲೆ ಕ್ರಿಸ್ಟಲ್ ಪ್ಯಾಲೇಸ್ ಮತ್ತು ಚೆಲ್ಸಿ ತಂಡಗಳ ಅಂಗಳಕ್ಕೆ ಬೆನ್ನುಬೆನ್ನಿಗೇ ಹೋಗಬೇಕಾಯಿತು, ಎರಡೂ ಕಡೆ ಸೋತೆವು, ಅಲ್ಲಿಂದ ಲಯ ತಪ್ಪಿತು. ಪಟ್ಟಿ ಮಾಡುವವರು ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ನಮ್ಮಲ್ಲೊಬ್ಬನ ವಾದ. ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದೆ, ಮನುಷ್ಯರ ಕೈವಾಡವೇ ಇಲ್ಲ ಎಂದು ಇನ್ನೊಬ್ಬನ ವಾದ. ಸೋತವನು ಒಂದು ಕಿಲೊ ಕುಂದಾ ಕೊಡಿಸಬೇಕೆಂದು ಪಣ ಕಟ್ಟಿದ್ದೇವೆ. ದಯವಿಟ್ಟು ತೀರ್ಪು ಕೊಡಿ.
— ಗೆಳೆಯರ ಬಳಗ, ಟಿಳಕವಾಡಿ, ಬೆಳಗಾವಿ

ಉತ್ತರ: ಕುಂದಾದ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ನ್ಯಾಯ. ಪಟ್ಟಿಯನ್ನು ಕಂಪ್ಯೂಟರ್ ಹೆಣೆಯುತ್ತದೆ ಎಂಬುದು ನಿಜವಾದರೂ ಅದಕ್ಕೆ ಷರತ್ತುಗಳನ್ನು ಹಾಕುವವರು, ಹೊರಬಂದ ಪಟ್ಟಿಯನ್ನು ಸಾಲುಸಾಲಾಗಿ ಪರಿಶೀಲಿಸಿ ತಿದ್ದುವವರು ಮನುಷ್ಯರೇ. ಆದರೆ ನಿಮ್ಮ ತಂಡವನ್ನು ಕೆಡವಲೆಂದೇ ಎರಡು ಹೊರ ಪಂದ್ಯಗಳನ್ನು ಜೋಡಿಸಿದರು ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ, ಮತ್ತು ಇದನ್ನು ತೋರಿಸಲು ಒಂದು ಹಾಳೆ, ಒಂದು ಪೆನ್ನು ಸಾಕು.

ಒಂದು ಪಂದ್ಯ ತವರಿನಲ್ಲಿ, ಮುಂದಿನದು ಹೊರಗೆ, ಮತ್ತೊಂದು ತವರಿನಲ್ಲಿ, ಹೀಗೆ ತಪ್ಪದೆ ಅದಲುಬದಲಾಗುವ ಕ್ರಮಗಳು ಎರಡೇ ಎರಡು: ತವರಿನಿಂದ ಆರಂಭವಾಗುವುದು ಒಂದು, ಹೊರಗಿನಿಂದ ಆರಂಭವಾಗುವುದು ಇನ್ನೊಂದು. ಎರಡು ತಂಡಗಳಿಗೆ ಒಂದೇ ಕ್ರಮ ಸಿಕ್ಕರೆ ಅವು ಪ್ರತಿ ವಾರವೂ ಒಟ್ಟಿಗೇ ತವರಿನಲ್ಲಿರುತ್ತವೆ ಅಥವಾ ಒಟ್ಟಿಗೇ ಹೊರಗಿರುತ್ತವೆ, ಹಾಗಾಗಿ ಪರಸ್ಪರ ಎದುರಾಗಲು ಅವಕಾಶವೇ ಇರುವುದಿಲ್ಲ. ಲೀಗ್‌ನಲ್ಲಿ ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಂದಿಗೆ ಆಡಲೇಬೇಕಾದ್ದರಿಂದ ಯಾವ ಎರಡು ತಂಡಗಳ ಕ್ರಮವೂ ಒಂದೇ ಆಗಿರುವಂತಿಲ್ಲ. ಅಂದರೆ 20 ತಂಡಗಳ ಪೈಕಿ ಹೆಚ್ಚೆಂದರೆ ಎರಡಕ್ಕೆ ಮಾತ್ರ ಅಂಥ ಅಚ್ಚುಕಟ್ಟಾದ ಸರದಿ ಸಿಗಬಹುದು. ಉಳಿದ 18 ತಂಡಗಳು 19 ಪಂದ್ಯಗಳ ಒಂದು ಸುತ್ತಿನಲ್ಲಿ ಒಮ್ಮೆಯಾದರೂ ಸತತ ಎರಡು ಪಂದ್ಯಗಳನ್ನು ತವರಿನಲ್ಲೋ ಹೊರಗೋ ಆಡಲೇಬೇಕು. ಪ್ಯಾಲೇಸ್ ಮತ್ತು ಚೆಲ್ಸಿ ಪಂದ್ಯಗಳು ಬೆನ್ನುಬೆನ್ನಿಗೆ ಬಂದದ್ದು ಇಂಥ ಅನಿವಾರ್ಯ ಜೋಡಣೆಗಳಲ್ಲಿ ಒಂದು.

ಇದರ ಮೇಲೆ ಮನುಷ್ಯರು ಹಾಕುವ ಷರತ್ತುಗಳು ಬೇರೆ. ಯಾವುದೇ ಐದು ಸತತ ಪಂದ್ಯಗಳಲ್ಲಿ ತವರು ಮತ್ತು ಹೊರಗಿನ ಪಂದ್ಯಗಳು ಮೂರು–ಎರಡರಂತೆ ಹಂಚಿಕೆಯಾಗಬೇಕು. ಋತುವಿನ ಮೊದಲ ಎರಡು ಪಂದ್ಯಗಳಾಗಲಿ ಕೊನೆಯ ಎರಡು ಪಂದ್ಯಗಳಾಗಲಿ ಒಂದೇ ಬಗೆಯವಾಗಿರಬಾರದು. ಲಿವರ್‌ಪೂಲ್ ಮತ್ತು ಎವರ್ಟನ್‌ನಂತಹ ಒಂದೇ ಊರಿನ ಕ್ಲಬ್‌ಗಳು ಒಂದೇ ದಿನ ತವರಿನಲ್ಲಿ ಆಡದಂತೆ ನೋಡಿಕೊಳ್ಳಬೇಕು. ಪೊಲೀಸರ ಅಭಿಪ್ರಾಯವನ್ನೂ ಕೇಳಬೇಕು. ಮೇಲಿನ ಲೀಗ್‌ನ 380 ಪಂದ್ಯಗಳಿಗೆ ಕೆಳಗಿನ ಮೂರು ವಿಭಾಗಗಳ ತಲಾ 552 ಪಂದ್ಯಗಳನ್ನು ಕೂಡಿಸಿದರೆ ಒಟ್ಟು 2,036 ಆಗುತ್ತದೆ, ಮತ್ತು ಒಂದೇ ಊರಿನ ಕ್ಲಬ್‌ಗಳು ಬೇರೆ ಬೇರೆ ವಿಭಾಗಗಳಲ್ಲಿ ಇರುವುದರಿಂದ ಒಂದು ಪಂದ್ಯವನ್ನು ಅಲುಗಿಸಿದರೆ ಎಲ್ಲಿಯೋ ಇನ್ನಾವುದೋ ಪಂದ್ಯ ಅಲುಗುತ್ತದೆ. ಯಾರದೋ ಒಬ್ಬರ ಮೇಲೆ ಹಗೆ ಸಾಧಿಸುವಷ್ಟು ಬಿಡುವು ಆ ಜಾಲದಲ್ಲಿ ಉಳಿದಿರುವುದಿಲ್ಲ.

ನಿಮ್ಮ ತಂಡದ ಕಥೆಯನ್ನೇ ಮತ್ತೊಮ್ಮೆ ನೋಡಿ. ಗೆದ್ದ ಐದು ಪಂದ್ಯಗಳಲ್ಲಿ ನ್ಯೂಕ್ಯಾಸಲ್ ತಂಡದ ಅಂಗಳದ ಪಂದ್ಯವೂ ಇತ್ತು, ಆರ್ಸೆನಲ್ ವಿರುದ್ಧದ ಪಂದ್ಯವೂ ಇತ್ತು. ಪಟ್ಟಿ ಸುಲಭವಾಗಿದ್ದುದರಿಂದ ಗೆದ್ದಿರಿ ಎನ್ನುವಂತಿಲ್ಲ. ಕಾಗದದ ಮೇಲೆ ಹಗುರವಾಗಿ ಕಾಣುತ್ತಿದ್ದ ಬರ್ನ್ಲಿ ಪಂದ್ಯವನ್ನು ಗೆಲ್ಲಲು 90 ನಿಮಿಷಗಳ ಬಳಿಕ ಸೇರಿಸಿದ ಹೊತ್ತಿನ ಪೆನಾಲ್ಟಿಯೇ ಬೇಕಾಯಿತು. ಚೆಲ್ಸಿಯಲ್ಲಿ ಸೋತ ಮೇಲೆ ತವರಿನ ಆನ್‌ಫೀಲ್ಡ್‌ನಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 1–2ರಿಂದ ಸೋತಿರಿ. ಆ ಸೋಲನ್ನು ಯಾವ ವೇಳಾಪಟ್ಟಿಯ ಲೆಕ್ಕಕ್ಕೆ ಬರೆಯುವುದು?

ತಕರಾರು ಎತ್ತಲೇಬೇಕಿದ್ದರೆ ಎದುರಾಳಿಗಳ ಕ್ರಮವನ್ನು ಬಿಟ್ಟು ವಿಶ್ರಾಂತಿಯ ದಿನಗಳನ್ನು ಎಣಿಸಬೇಕು. ಸೆಪ್ಟೆಂಬರ್ 27ರಂದು ಲಂಡನ್‌ನಲ್ಲಿ ಪ್ಯಾಲೇಸ್, ಸೆಪ್ಟೆಂಬರ್ 30ರಂದು ಚಾಂಪಿಯನ್ಸ್ ಲೀಗ್‌ಗಾಗಿ ಇಸ್ತಾಂಬುಲ್‌ನಲ್ಲಿ ಗಲಾತಸರಾಯ್, ಅಕ್ಟೋಬರ್ 4ರಂದು ಮತ್ತೆ ಲಂಡನ್‌ನಲ್ಲಿ ಚೆಲ್ಸಿ: ಎಂಟು ದಿನಗಳಲ್ಲಿ ಮೂರು ಹೊರ ಪಂದ್ಯಗಳು, ಮೂರರಲ್ಲೂ ಸೋಲು. ಪ್ರೀಮಿಯರ್ ಲೀಗ್‌ನ ಪಟ್ಟಿ ಬೇಸಿಗೆಯಲ್ಲೇ ಸಿದ್ಧವಾಗುತ್ತದೆ, ಯುರೋಪಿಯನ್ ಟೂರ್ನಿಯ ಎದುರಾಳಿಗಳು ಆಗಸ್ಟ್ ಕೊನೆಯ ಡ್ರಾದಲ್ಲಿ ಗೊತ್ತಾಗುತ್ತಾರೆ. ಹೀಗೆ ಇಬ್ಬರು ಬೇರೆ ಬೇರೆಯಾಗಿ ಬರೆದ ಎರಡು ಪಟ್ಟಿಗಳ ಭಾರ ಒಂದೇ ತಂಡದ ಕಾಲಿನ ಮೇಲೆ ಬೀಳುತ್ತದೆ. ಈ ಬಾರಿ ಪಟ್ಟಿ ಬಂದಾಗ ನಿಮ್ಮ ಬಳಗ ಮಾಡಬಹುದಾದ ಉಪಯುಕ್ತ ಕೆಲಸವೆಂದರೆ ಯುರೋಪಿಯನ್ ಪಂದ್ಯಗಳ ವಾರಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಅವುಗಳ ಹಿಂದುಮುಂದಿನ ಲೀಗ್ ಪಂದ್ಯಗಳು ಎಲ್ಲಿ ನಡೆಯುತ್ತವೆ ಎಂದು ನೋಡುವುದು.

ಪ್ರಶ್ನೆ: ಗಣಪತಿ ವಿಸರ್ಜನೆಯ ಮೆರವಣಿಗೆ ಮತ್ತು ರಾಜ್ಯೋತ್ಸವದ ದಿನ ನಮಗೆ ಮನೆಯಲ್ಲಿರಲು ಸಾಧ್ಯವೇ ಇಲ್ಲ. ಆ ದಿನಗಳಲ್ಲಿ ಪಂದ್ಯಗಳಿರುತ್ತವೆಯೇ?
— ಮಂಡಳದ ಕಾರ್ಯಕರ್ತರೊಬ್ಬರು, ಶಹಾಪುರ, ಬೆಳಗಾವಿ

ಉತ್ತರ: ವಿಸರ್ಜನೆಯ ಮಟ್ಟಿಗೆ ನೀವು ಅದೃಷ್ಟವಂತರು. ಈ ವರ್ಷ ಅನಂತ ಚತುರ್ದಶಿ ಸೆಪ್ಟೆಂಬರ್ 25ರ ಶುಕ್ರವಾರ ಬರುತ್ತದೆ. ಫಿಫಾ ಈವರೆಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದ ಅಂತಾರಾಷ್ಟ್ರೀಯ ಪಂದ್ಯಗಳ ಬಿಡುವನ್ನು 2026ರಿಂದ ಒಂದೇ ದೀರ್ಘ ಬಿಡುವನ್ನಾಗಿ ಕೂಡಿಸಿದ್ದು, ಅದು ಸೆಪ್ಟೆಂಬರ್ 21ರಿಂದ ಅಕ್ಟೋಬರ್ 6ರವರೆಗೆ ಇರುತ್ತದೆ. ಆ ಅವಧಿಯಲ್ಲಿ ಆಟಗಾರರು ತಮ್ಮ ತಮ್ಮ ದೇಶಗಳ ತಂಡಗಳಿಗೆ ಆಡುತ್ತಾರೆ, ಪ್ರೀಮಿಯರ್ ಲೀಗ್ ನಡೆಯುವುದಿಲ್ಲ. ಕಪಿಲೇಶ್ವರ ಹೊಂಡದ ಬಳಿ ಬೆಳಗಾಗುವವರೆಗೆ ನಿಂತರೂ ನಿಮ್ಮ ತಂಡದ ಗೋಲು ತಪ್ಪಿಹೋಗದು.

ನವೆಂಬರ್ 1ರ ವಿಷಯ ಹಾಗಲ್ಲ. ಅಂದು ರವಿವಾರ, ಲೀಗ್‌ನ ವಾಡಿಕೆಯ ದಿನ. ರವಿವಾರದ ಪಂದ್ಯಗಳು ಆ ಹೊತ್ತಿಗೆ ನಮ್ಮ ಸಮಯ ಸಂಜೆ 7.30ಕ್ಕೆ ಮತ್ತು ರಾತ್ರಿ 10ಕ್ಕೆ ಬರುತ್ತವೆ, ಅಂದರೆ ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿಗೇ. ಮೆರವಣಿಗೆಯಲ್ಲಿ ಮೊಬೈಲ್ ನೋಡುತ್ತಾ ನಡೆಯುವುದಕ್ಕಿಂತ ಮರುದಿನ ಮುಖ್ಯಾಂಶಗಳನ್ನು ನೋಡುವುದು ಮೇಲು.

ಪ್ರಶ್ನೆ: ಇದೇ ಶನಿವಾರದ ಪಂದ್ಯ ಒಮ್ಮೆ 7.30ಕ್ಕೆ, ಒಮ್ಮೆ 8.30ಕ್ಕೆ, ಒಮ್ಮೆ ರಾತ್ರಿ 10ಕ್ಕೆ ಬರುವುದೇಕೆ? ನನಗೆ ನವೆಂಬರ್‌ನಲ್ಲಿ ಪರೀಕ್ಷೆಗಳಿವೆ, ಮೊದಲೇ ಗೊತ್ತಾದರೆ ಓದಿನ ಸಮಯ ಹೊಂದಿಸಿಕೊಳ್ಳಬಹುದು.
— ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಕಾರಣಗಳು ಎರಡು. ಮೊದಲನೆಯದು ಗಡಿಯಾರ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ರವಿವಾರದಿಂದ ಅಕ್ಟೋಬರ್ ಕೊನೆಯ ರವಿವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನಾವು ಹಾಗೆ ಮಾಡುವುದಿಲ್ಲ. ಆದ್ದರಿಂದ ಅವರಿಗೂ ನಮಗೂ ಇರುವ ಅಂತರ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ. ಈ ಋತುವಿನಲ್ಲಿ ಅಕ್ಟೋಬರ್ 25ರಂದು ಅಂತರ ಹೆಚ್ಚಾಗಿ 2027ರ ಮಾರ್ಚ್ 28ರಂದು ಮತ್ತೆ ಕಡಿಮೆಯಾಗುತ್ತದೆ. ಅಕ್ಟೋಬರ್ 25ಕ್ಕಿಂತ ಮೊದಲು ಶನಿವಾರದ ಪಂದ್ಯಗಳು ನಮ್ಮ ಸಂಜೆ 5, 7.30 ಮತ್ತು ರಾತ್ರಿ 10ಕ್ಕೆ, ರವಿವಾರದವು ಸಂಜೆ 6.30 ಮತ್ತು ರಾತ್ರಿ 9ಕ್ಕೆ ಇರುತ್ತವೆ. ನಿಮ್ಮ ಪರೀಕ್ಷೆಯ ತಿಂಗಳಲ್ಲಿ ಪ್ರತಿಯೊಂದಕ್ಕೂ ಒಂದು ಗಂಟೆ ಕೂಡಿಸಿಕೊಳ್ಳಿ.

ಎರಡನೆಯ ಕಾರಣ ಟಿವಿ. ಮೊದಲು ಪ್ರಕಟವಾಗುವ ಪಟ್ಟಿಯಲ್ಲಿ ಹೆಚ್ಚಿನ ಪಂದ್ಯಗಳಿಗೆ ಶನಿವಾರ ಅಲ್ಲಿನ ಮಧ್ಯಾಹ್ನ 3 ಗಂಟೆ ಎಂದೇ ಬರೆದಿರುತ್ತಾರೆ. ಆದರೆ ಆ ಹೊತ್ತಿನ ಪಂದ್ಯಗಳನ್ನು ಬ್ರಿಟನ್ನಿನೊಳಗೆ ನೇರಪ್ರಸಾರ ಮಾಡುವಂತಿಲ್ಲ. ಜನ ಮನೆಯಲ್ಲೇ ಕೂತರೆ ಸಣ್ಣ ಕ್ಲಬ್‌ಗಳ ಗ್ಯಾಲರಿಗಳು ಬರಿದಾಗುತ್ತವೆ ಎಂಬ ಕಾಳಜಿಯಿಂದ ಬಂದ ಹಳೆಯ ನಿಯಮವದು. 380 ಪಂದ್ಯಗಳಲ್ಲಿ ಕನಿಷ್ಠ 267ನ್ನು ಅಲ್ಲಿ ನೇರಪ್ರಸಾರ ಮಾಡುವ ಒಪ್ಪಂದ 2025–26ರಿಂದ ಜಾರಿಯಲ್ಲಿರುವುದರಿಂದ ಆ ಪಂದ್ಯಗಳು ಬೇರೆ ದಿನಕ್ಕೆ, ಬೇರೆ ಹೊತ್ತಿಗೆ ಸರಿಯಲೇಬೇಕು. ಗುರುವಾರ ರಾತ್ರಿ ಯುರೋಪಿನಲ್ಲಿ ಆಡಿದ ತಂಡಕ್ಕೆ ಶನಿವಾರ ಆಡಲಾಗದೆ ಪಂದ್ಯ ರವಿವಾರಕ್ಕೆ ಹೋಗುವುದೂ ಸಾಮಾನ್ಯ. ಆದ್ದರಿಂದ ಮೊದಲ ಪಟ್ಟಿಯನ್ನು ನೋಡಿ ಎದುರಾಳಿ ಯಾರು, ಯಾವ ವಾರ, ಎಲ್ಲಿ ಎಂಬಷ್ಟನ್ನೇ ನಂಬಿ. ದಿನ ಮತ್ತು ಗಂಟೆಯನ್ನು ಪೆನ್ಸಿಲ್‌ನಲ್ಲಿ ಬರೆದಿಡಿ.

ಸೋಮವಾರ ರಾತ್ರಿಯ ಪಂದ್ಯ ಮತ್ತು ಚಾಂಪಿಯನ್ಸ್ ಲೀಗ್‌ನ ತಡರಾತ್ರಿಯ ಪಂದ್ಯಗಳು ನಮ್ಮಲ್ಲಿ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ ಆರಂಭವಾಗುತ್ತವೆ ಎಂಬುದರ ಜೊತೆಗೆ ತಾರೀಖು ಕೂಡ ಮುಂದಿನ ದಿನದ್ದಾಗಿರುತ್ತದೆ ಎಂಬುದನ್ನು ಮರೆಯಬಾರದು. ‘ಬುಧವಾರ ರಾತ್ರಿ 1.30’ ಎಂದರೆ ಮಂಗಳವಾರ ಮಲಗದೆ ಕಾಯಬೇಕಾದ ರಾತ್ರಿ. ಈ ಉತ್ತರ ಬರೆಯುತ್ತಿರುವವನು ಒಮ್ಮೆ ಬುಧವಾರ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಕೂತು, ಪಂದ್ಯ ಮುಗಿದು ಇಡೀ ಒಂದು ದಿನವಾಗಿತ್ತೆಂದು ತಿಳಿದು ಪೆಚ್ಚಾಗಿದ್ದಾನೆ.

ಪ್ರಶ್ನೆ: ಡಿಸೆಂಬರ್ 26ರ ಬಾಕ್ಸಿಂಗ್ ಡೇ ದಿನ ಇಡೀ ಸಂಜೆ ಪಂದ್ಯ ನೋಡುವ ಪದ್ಧತಿ ನಮ್ಮದು. 2025ರಲ್ಲಿ ಒಂದೇ ಪಂದ್ಯವಿತ್ತು. ಈ ಬಾರಿಯೂ ಹಾಗೆಯೇ?
— ಬ್ಯಾಂಕ್ ನೌಕರರೊಬ್ಬರು, ಬಾಗಲಕೋಟೆ

ಉತ್ತರ: ಇಲ್ಲ. 2025ರಲ್ಲಿ ಆ ದಿನ ಶುಕ್ರವಾರವಾಗಿದ್ದು, ಮ್ಯಾಂಚೆಸ್ಟರ್ ಯುನೈಟೆಡ್–ನ್ಯೂಕ್ಯಾಸಲ್ ಪಂದ್ಯವೊಂದೇ ನಡೆಯಿತು. 2026ರಲ್ಲಿ ಡಿಸೆಂಬರ್ 26 ಶನಿವಾರವೇ ಬರುವುದರಿಂದ ಹೆಚ್ಚು ಪಂದ್ಯಗಳಿರುತ್ತವೆ ಎಂದು ಲೀಗ್ ಭರವಸೆ ಕೊಟ್ಟಿದೆ. ಕ್ರಿಸ್ಮಸ್ ಅವಧಿಯ ಎರಡು ಸುತ್ತುಗಳ ನಡುವೆ 60 ಗಂಟೆಗಳ ಅಂತರವಿರಬೇಕೆಂಬ ನಿಯಮವೂ ಇದೆ. ರಜೆಯನ್ನು ಈಗಲೇ ಬರೆದುಕೊಡಬಹುದು.

ಪ್ರಶ್ನೆ: ನಮ್ಮ ಊರಿನಲ್ಲಿ ಏಳು ತಂಡಗಳ ಲೀಗ್ ನಡೆಸಬೇಕೆಂದಿದ್ದೇವೆ. ಪಟ್ಟಿ ಮಾಡಲು ಕೂತರೆ ಪ್ರತಿ ಸಲವೂ ಒಂದು ತಂಡ ಉಳಿದುಬಿಡುತ್ತದೆ.
— ಯುವಕ ಸಂಘದ ಸದಸ್ಯರು, ನವನಗರ, ಬಾಗಲಕೋಟೆ

ಉತ್ತರ: ಉಳಿಯಲೇಬೇಕು. ಏಳು ಚೀಟಿಗಳ ಜೊತೆ ‘ವಿರಾಮ’ ಎಂದು ಬರೆದ ಎಂಟನೆಯ ಚೀಟಿ ಸೇರಿಸಿ, ಮೇಲೆ ನಾಲ್ಕು, ಕೆಳಗೆ ನಾಲ್ಕು ಇಡಿ. ಮೇಲೆ ಕೆಳಗೆ ಎದುರುಬದುರಾದವರು ಆಡುತ್ತಾರೆ, ‘ವಿರಾಮ’ದ ಎದುರು ಬಂದವರು ಆ ವಾರ ಸುಮ್ಮನಿರುತ್ತಾರೆ. ಒಂದು ಮೂಲೆಯ ಚೀಟಿಯನ್ನು ಅಲ್ಲೇ ಬಿಟ್ಟು ಉಳಿದವನ್ನು ಗಡಿಯಾರದ ಮುಳ್ಳಿನಂತೆ ಒಂದೊಂದು ಸ್ಥಾನ ಸರಿಸುತ್ತಾ ಹೋದರೆ ಏಳು ವಾರಗಳಲ್ಲಿ 21 ಪಂದ್ಯಗಳು ಮುಗಿದು ಪ್ರತಿ ತಂಡಕ್ಕೂ ಒಂದೊಂದು ವಾರ ಬಿಡುವು ಸಿಕ್ಕಿರುತ್ತದೆ. 13 ಕ್ಲಬ್‌ಗಳಿದ್ದ 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲೂ ಬೆಸಸಂಖ್ಯೆಯ ಇದೇ ತೊಡಕಿತ್ತು.

ಪ್ರಶ್ನೆ: ನಾನು ಬೆಂಗಳೂರು ಎಫ್‌ಸಿ ಅಭಿಮಾನಿ, ನನ್ನ ಮಗ ಎಫ್‌ಸಿ ಗೋವಾ ಕಡೆಯವನು. ಎರಡು ತಂಡಗಳೂ ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ ಆಡುವ ದಿನ ಇಬ್ಬರೂ ಹೋಗಬೇಕೆಂಬ ಆಸೆ. ಎಷ್ಟು ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಬೇಕು?
— ಶಿಕ್ಷಕರೊಬ್ಬರು, ಖಾನಾಪುರ, ಬೆಳಗಾವಿ ಜಿಲ್ಲೆ

ಉತ್ತರ: ನಿಮ್ಮ ಊರಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕಿಂತ ಮಡಗಾಂವ್ ಬಹಳ ಹತ್ತಿರವಾದ್ದರಿಂದ ಆಸೆ ಸಹಜವೇ. ಆದರೆ ನಮ್ಮ ದೇಶದ ಲೀಗ್‌ನ ಪಟ್ಟಿಯನ್ನು ಇಂಗ್ಲೆಂಡಿನ ಪಟ್ಟಿಯಂತೆ ವರ್ಷ ಮೊದಲೇ ನಂಬಿ ಕೂರಲಾಗದು ಎಂಬುದನ್ನು 2025–26ರ ಋತುವೇ ತೋರಿಸಿಕೊಟ್ಟಿತು. ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ನಡುವಿನ 15 ವರ್ಷಗಳ ಹಕ್ಕಿನ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಅದರ ನವೀಕರಣ ಇತ್ಯರ್ಥವಾಗದೆ ಜುಲೈನಲ್ಲೇ ಋತುವನ್ನು ತಡೆಹಿಡಿಯಲಾಯಿತು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಲೀಗ್ 2026ರ ಫೆಬ್ರುವರಿ 14ರಂದು ಆರಂಭವಾಯಿತು, ಅದೂ 14 ಕ್ಲಬ್‌ಗಳು ಒಬ್ಬರನ್ನೊಬ್ಬರು ಒಮ್ಮೆ ಮಾತ್ರ ಎದುರಿಸುವ 91 ಪಂದ್ಯಗಳ ಮೊಟಕು ರೂಪದಲ್ಲಿ. ಒಂದೇ ಸುತ್ತಿನ ಲೀಗ್ ಎಂದರೆ ಗೋವಾ–ಬೆಂಗಳೂರು ಪಂದ್ಯ ಇಬ್ಬರಲ್ಲಿ ಒಬ್ಬರ ಅಂಗಳದಲ್ಲಿ ಮಾತ್ರ. ಪ್ರತಿ ತಂಡಕ್ಕೂ 13 ಪಂದ್ಯಗಳಾದ್ದರಿಂದ ತವರಿನ ಪಂದ್ಯಗಳನ್ನು ಸಮನಾಗಿ ಹಂಚಲೂ ಬರುವುದಿಲ್ಲ. ಆದ್ದರಿಂದ ಮುಂದಿನ ಋತುವಿನ ಪಟ್ಟಿ ಬಂದ ಕೂಡಲೇ ಮೊದಲು ನೋಡಬೇಕಾದದ್ದು ಸುತ್ತುಗಳು ಎಷ್ಟು ಎಂಬುದನ್ನು, ತಾರೀಖನ್ನು ಆಮೇಲೆ. ಕ್ರೀಡಾಂಗಣದ ಟಿಕೆಟ್ ಕೈಗೆ ಬಂದ ಮೇಲೆಯೇ ರೈಲಿನದು.

ಲೋಂಡಾ, ಕ್ಯಾಸಲ್‌ರಾಕ್, ಕುಳೆ ಮಾರ್ಗವಾಗಿ ಮಡಗಾಂವ್ ತಲುಪಿದರೆ ಫತೋರ್ಡಾ ಅಲ್ಲಿಯೇ ಇದೆ. ಸಂಜೆ 7.30ಕ್ಕೆ ಆರಂಭವಾಗುವ ಪಂದ್ಯ ಮುಗಿಯುವಾಗ ರಾತ್ರಿ 9.30 ಆಗುತ್ತದೆ, ಮಳೆಗಾಲವಿದ್ದರೆ ಘಟ್ಟದ ಹಳಿಯ ಮೇಲೆ ಮಣ್ಣು ಕುಸಿಯುವುದೂ ಉಂಟು, ಆದ್ದರಿಂದ ಅಂದು ರಾತ್ರಿ ಅಲ್ಲಿಯೇ ತಂಗುವ ಏರ್ಪಾಡು ಮಾಡಿಕೊಳ್ಳಿ. ಇನ್ನೊಂದು ಮಾತು: 2025ರ ಏಪ್ರಿಲ್‌ನ ಸೆಮಿಫೈನಲ್‌ನಲ್ಲಿ ಇದೇ ಫತೋರ್ಡಾದಲ್ಲಿ ಗೋವಾ 2–1ರಿಂದ ಗೆದ್ದೂ, 90 ನಿಮಿಷಗಳ ಬಳಿಕ ಸೇರಿಸಿದ ಹೊತ್ತಿನಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ತಲೆಯಿಂದ ಹೊಡೆದ ಒಂದು ಗೋಲಿನಿಂದಾಗಿ ಒಟ್ಟು ಲೆಕ್ಕದಲ್ಲಿ 3–2ರಿಂದ ಹೊರಬಿದ್ದಿತು. ಗೋವಾ ಅಭಿಮಾನಿಗಳ ನಡುವೆ ಕೂತು ನೀವು ಅದನ್ನು ನೆನಪಿಸಬಾರದು, ಮಗನ ಪಕ್ಕದಲ್ಲಿದ್ದರೂ ಸರಿ.