ಎರಡನೇ ಪಿರಿಯಡ್‌ಗೆ ಕೈ ಸೋತು ಹೋಗುತ್ತದೆ, ಇನ್ನೂ ಎಷ್ಟು ಓಡಬೇಕು?

ನಿಮ್ಮ ಪ್ರಶ್ನೆ ಓದುವಾಗ ನಗು ಬಂತು, ತಪ್ಪು ತಿಳಿಯಬೇಡಿ. 21 ವರ್ಷ, 65 ಕೆಜಿ ಫ್ರೀಸ್ಟೈಲ್ ಕುಸ್ತಿ, ದಿನಾ ಬೆಳಿಗ್ಗೆ 10 ಕಿಲೋಮೀಟರ್ ಓಟ, 500 ಬಸ್ಕಿ, 300 ದಂಡ. ಇಷ್ಟೆಲ್ಲ ಮಾಡಿಯೂ ಎರಡನೇ ಪಿರಿಯಡ್‌ನಲ್ಲಿ ಮುಂಗೈ ಕಲ್ಲಾಗುತ್ತದೆ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಉಸ್ತಾದರು ಮಾತ್ರ "ದಮ್ಮು ಸಾಲದು, ಇನ್ನೂ ಓಡು" ಅಂತಾರೆ. ಹನ್ನೆರಡು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ನಾನು ಓಡಾಡುತ್ತಿದ್ದೆ. ಅದಕ್ಕೇ ನಗು ಬಂದದ್ದು.

ನಾನು ದಾವಣಗೆರೆ ಕಡೆಯವನು. ಗರಡಿಯ ಮಟ್ಟಿಯಲ್ಲಿ ಶುರು ಮಾಡಿ, ಆಮೇಲೆ ಮ್ಯಾಟ್ ಮೇಲೆ ವಿಶ್ವವಿದ್ಯಾಲಯ ಮಟ್ಟದವರೆಗೆ ಆಡಿದೆ. ಈಗ ಸಂಜೆ ಹೊತ್ತು ಹುಡುಗರಿಗೆ ಕಲಿಸುತ್ತೇನೆ. ಕುಸ್ತಿಯವರೂ ಇದ್ದಾರೆ, ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಆಡುವವರೂ ಇದ್ದಾರೆ. ಡಾಕ್ಟರ್ ಅಲ್ಲ. ಹಾಗಂತ ಓದಿಕೊಂಡಿಲ್ಲ ಅಂತೇನಲ್ಲ.

ಮೊದಲು ಉಸ್ತಾದರ ಪರ ಒಂದು ಮಾತು. ಅವರ ಲೆಕ್ಕ ತಪ್ಪಲ್ಲ, ಅದು ಬೇರೆ ಆಟದ ಲೆಕ್ಕ ಅಷ್ಟೇ. 1910ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನರು ಪೋಲೆಂಡಿನ ಝ್ಬಿಸ್ಕೋ ಜೊತೆ ಎರಡೂವರೆ ಗಂಟೆಗೂ ಜಾಸ್ತಿ ಹೊತ್ತು ಸೆಣಸಿದರು. ಆತ ಹೆಚ್ಚಿನ ಹೊತ್ತು ಮ್ಯಾಟಿಗೆ ಅಂಟಿಕೊಂಡು ಬಿದ್ದಿದ್ದ, ಗಾಮಾ ಮೇಲಿಂದ ಎಳೆಯುತ್ತಲೇ ಇದ್ದರು. ಕೊನೆಗೆ ಡ್ರಾ. ಅಂಥ ಕುಸ್ತಿಗೆ ದಿನಕ್ಕೆ ಸಾವಿರಗಟ್ಟಲೆ ಬಸ್ಕಿ ಹೊಡೆಯುವುದರಲ್ಲಿ ಅರ್ಥ ಇತ್ತು. ನಾಡ ಕುಸ್ತಿಯಲ್ಲಿ ಇವತ್ತಿಗೂ ಒಂದು ಜೋಡಿ ಬಹಳ ಹೊತ್ತು ಎಳೆಯಬಹುದು. ನಿಮ್ಮದು ಹಾಗಲ್ಲ. ಮೂರು ನಿಮಿಷದ ಎರಡು ಪಿರಿಯಡ್, ನಡುವೆ 30 ಸೆಕೆಂಡ್ ಬಿಡುವು. ಒಟ್ಟು ಆರು ನಿಮಿಷದಲ್ಲಿ ಹತ್ತಿಪ್ಪತ್ತು ಸಲ ಪೂರ್ತಿ ಬಲ ಹಾಕಿ ನುಗ್ಗಬೇಕು, ಪ್ರತಿ ಸಲವೂ ಬೇಗ ಸುಧಾರಿಸಿಕೊಳ್ಳಬೇಕು. ಎಷ್ಟು ದೂರ ಓಡುತ್ತೀರಿ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಒಂದು ಸಲ ಖಾಲಿಯಾದ ಮೇಲೆ ಎಷ್ಟು ಬೇಗ ತುಂಬಿಕೊಳ್ಳುತ್ತೀರಿ ಅನ್ನುವುದೇ ಪ್ರಶ್ನೆ.

ಹೇಗೆ ಖಾಲಿಯಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಸ್ನಾಯುವಿನಲ್ಲಿ ಕ್ರಿಯಾಟಿನ್ ಫಾಸ್ಫೇಟ್ ಅಂತ ಒಂದು ದಿಢೀರ್ ಇಂಧನ ಇರುತ್ತದೆ. ಪೂರ್ತಿ ಜೋರು ಹಾಕಿದರೆ ಅದು ಸುಮಾರು ಹತ್ತು ಸೆಕೆಂಡಿಗೆ ಹೆಚ್ಚೂಕಡಿಮೆ ಮುಗಿಯುತ್ತದೆ. ಅರ್ಧದಷ್ಟು ತುಂಬಿಕೊಳ್ಳಲು ಅರ್ಧ ನಿಮಿಷದ ಆಸುಪಾಸು ಬೇಕು, ಪೂರ್ತಿಗೆ ಮೂರರಿಂದ ಐದು ನಿಮಿಷ. ತುಂಬಿಕೊಳ್ಳಲು ಬೇಕಾದದ್ದು ಆಮ್ಲಜನಕ. ಆದ್ದರಿಂದ ನಿಧಾನ ಓಟ ವ್ಯರ್ಥವಲ್ಲ. ಹೃದಯ ಗಟ್ಟಿಯಿದ್ದವನು ಆ 30 ಸೆಕೆಂಡಿನಲ್ಲಿ ನಿಮಗಿಂತ ಜಾಸ್ತಿ ತುಂಬಿಕೊಂಡು ಎದ್ದು ಬರುತ್ತಾನೆ. ಆದರೆ ದಿನಾ ಹತ್ತು ಕಿಲೋಮೀಟರ್, ಅದೂ ಗಡಿಯಾರ ನೋಡಿಕೊಂಡು ಏದುಸಿರು ಬಿಡುತ್ತಾ ಓಡಿದರೆ, ಸಂಜೆ ಮ್ಯಾಟಿಗೆ ಬರುವ ಹೊತ್ತಿಗೆ ಕಾಲು ಸತ್ತಿರುತ್ತದೆ. ವಾರಕ್ಕೆ ಮೂರು ಸಲ, 40 ನಿಮಿಷ, ಪಕ್ಕದವನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ ಸಾಕು.

ಇನ್ನು "ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ" ಅನ್ನುವ ಮಾತು. ಜಿಮ್‌ನಲ್ಲಿ ಎಲ್ಲರ ಬಾಯಲ್ಲೂ ಇದೇ. ಪಾಪ, ಲ್ಯಾಕ್ಟೇಟ್ ತಾನು ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಿದೆ. ದೇಹ ಅದನ್ನು ಇಂಧನವಾಗಿ ಉರಿಸುತ್ತದೆ, ಹೃದಯಕ್ಕೂ ಅದು ಆಹಾರವೇ. ಸುಸ್ತಿನ ಹೊತ್ತಿಗೆ ಆಗುವುದು ಬೇರೆ. ಆ ಕ್ರಿಯಾಟಿನ್ ಫಾಸ್ಫೇಟ್ ಒಡೆದು ಉಳಿದ ಫಾಸ್ಫೇಟ್ ಸ್ನಾಯುವಿನೊಳಗೆ ಜಮಾ ಆಗುತ್ತದೆ, ಆಮ್ಲದ ಅಂಶ ಏರುತ್ತದೆ, ಸ್ನಾಯು ಬಿಗಿಯಲು ಬೇಕಾದ ಕ್ಯಾಲ್ಸಿಯಂ ಅಲ್ಲೇ ಸರಿಯಾಗಿ ಬಿಡುಗಡೆಯಾಗುವುದಿಲ್ಲ. (ಹಾಲು ಜಾಸ್ತಿ ಕುಡಿದರೆ ಇದು ಸರಿಹೋಗುತ್ತದೆ ಅಂತಲ್ಲ, ಆ ಕ್ಯಾಲ್ಸಿಯಂ ಕತೆಯೇ ಬೇರೆ.) ಮರುದಿನ, ಮೂರನೇ ದಿನ ಬರುವ ಮೈಕೈ ನೋವಂತೂ ಲ್ಯಾಕ್ಟಿಕ್ ಆಸಿಡ್‌ನದ್ದು ಅಲ್ಲವೇ ಅಲ್ಲ. ಲ್ಯಾಕ್ಟೇಟ್ ಒಂದೆರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ. ನೋಯುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪುಟ್ಟ ಗಾಯ.

ಈಗ ನಿಮ್ಮ ಮುಂಗೈಗೆ ಬರೋಣ. ನನ್ನ ಪ್ರಕಾರ ಅಸಲಿ ರೋಗ ಅಲ್ಲೇ ಇದೆ.

ಒದ್ದೆ ಬಟ್ಟೆ ಹಿಂಡಿದಂತೆ ಸ್ನಾಯುವನ್ನು ಬಿಡದೆ ಬಿಗಿ ಹಿಡಿದರೆ, ಅದರೊಳಗಿನ ರಕ್ತನಾಳಗಳೂ ಅಮುಕಿಹೋಗುತ್ತವೆ. ರಕ್ತ ಸರಿಯಾಗಿ ಹರಿಯುವುದಿಲ್ಲ. ನೀವು ಹತ್ತು ಕಿಲೋಮೀಟರ್ ಓಡಿ ಕಟ್ಟಿದ ಹೃದಯ ಎಷ್ಟೇ ಚೆನ್ನಾಗಿ ರಕ್ತ ಕಳಿಸಲಿ, ಬಾಗಿಲು ಹಾಕಿದ ಮನೆಗೆ ಅದು ಹೋಗುವುದು ಹೇಗೆ? ಅದಕ್ಕೇ ಓಟದಲ್ಲಿ ಸುಸ್ತಾಗದವನಿಗೂ ಮ್ಯಾಟಿನ ಮೇಲೆ ಕೈ ಕಲ್ಲಾಗುತ್ತದೆ. ಮದ್ದು ಎರಡು. ಒಂದು, ಹಿಡಿತದ ಬಲ ಹೆಚ್ಚಿಸುವುದು. ಹಗ್ಗ ಹತ್ತುವುದು, ಟವೆಲ್ ಕಟ್ಟಿ ಪುಲ್‌ಅಪ್ ಎಳೆಯುವುದು, ಗರಡಿಯಲ್ಲಿ ಗದೆ ಇದ್ದರೆ ತಿರುಗಿಸುವುದು. ಇನ್ನೊಂದು, ಬಿಡುವುದನ್ನು ಕಲಿಯುವುದು. ಇದು ಕಷ್ಟ. ಎದುರಾಳಿಯ ಮಣಿಕಟ್ಟು ಸಿಕ್ಕಿತು ಅಂತ ಇಪ್ಪತ್ತು ಸೆಕೆಂಡ್ ಹಿಂಡಿಕೊಂಡು ನಿಲ್ಲಬಾರದು. ಬೆರಳನ್ನು ಕೊಕ್ಕೆಯ ಹಾಗೆ ಸಿಕ್ಕಿಸಿ ಇಡಿ, ಎಳೆಯುವ ಕ್ಷಣಕ್ಕೆ ಮಾತ್ರ ಬಿಗಿಯಿರಿ, ಮತ್ತೆ ಸಡಿಲ ಬಿಡಿ. ನಾನು ಹುಡುಗರಿಗೆ ವಾರಕ್ಕೆ ಎರಡು ದಿನ ಅರ್ಧ ಬಲದ ಕುಸ್ತಿ ಆಡಿಸುತ್ತೇನೆ. ಜೋರು ಹಾಕಿದವನು ಸೋತ ಲೆಕ್ಕ. ಮೊದಲ ವಾರ ಎಲ್ಲರಿಗೂ ಅವಮಾನ ಆದಂತೆ ಇರುತ್ತದೆ. ತಿಂಗಳು ಕಳೆದ ಮೇಲೆ ಅವರೇ ಕೇಳಿ ಆಡುತ್ತಾರೆ.

ಉಸಿರಿನದ್ದೂ ಇದೇ ಕತೆ. ಪಟ್ಟು ಹಾಕುವಾಗ ಉಸಿರು ಕಟ್ಟಿ ಹಿಡಿಯುವ ಚಾಳಿ ನಿಮಗೆ ಖಂಡಿತ ಇದೆ ಅಂತ ಪಣ ಕಟ್ಟುತ್ತೇನೆ. ಕಾಲಿಗೆ ನುಗ್ಗುವಾಗ ಸದ್ದು ಬರುವಂತೆ ಉಸಿರು ಬಿಡಿ. ಬಾಕ್ಸಿಂಗ್‌ನವರು ಗುದ್ದುವಾಗ "ಶ್ಶ್" ಅನ್ನುವುದು ಸುಮ್ನೆ ಅಲ್ಲ.

ಬಲದ ವಿಷಯ. 500 ಬಸ್ಕಿ ಹೊಡೆಯುವವನ ಕಾಲು 500 ಬಸ್ಕಿಗೆ ಚೆನ್ನಾಗಿ ಪಳಗಿರುತ್ತದೆ. 65 ಕೆಜಿಯ ಮನುಷ್ಯ ಒದ್ದಾಡುತ್ತಾ ಇರುವಾಗ ಅವನನ್ನು ಎತ್ತುವುದು ಬೇರೆ ಕೆಲಸ. ಅದಕ್ಕೆ ಭಾರ ಬೇಕು. ವಾರಕ್ಕೆ ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ತೂಕ ಕಟ್ಟಿಕೊಂಡು ಪುಲ್‌ಅಪ್. ಸೆಟ್ಟಿಗೆ ಮೂರರಿಂದ ಐದು ಸಲ ಮಾತ್ರ, ನಡುವೆ ಎರಡು ಮೂರು ನಿಮಿಷ ಬಿಡುವು. ಕಿಸೆಯಲ್ಲಿ ನೂರು ರೂಪಾಯಿ ಇದ್ದವನಿಗೆ ಐವತ್ತು ಖರ್ಚಾದರೆ ಅರ್ಧ ಹೋಯಿತು, ಇನ್ನೂರು ಇದ್ದವನಿಗೆ ಕಾಲು ಭಾಗ ಮಾತ್ರ. ಅದೇ ಪಟ್ಟು, ಅದೇ ಎದುರಾಳಿ, ಆದರೆ ಬಲ ಹೆಚ್ಚಿದ್ದವನಿಗೆ ಸುಸ್ತು ಕಡಿಮೆ. ಮೈ ದಪ್ಪವಾಗಿ ತೂಕದ ವರ್ಗ ದಾಟಿಬಿಡುತ್ತೇನೆ ಅನ್ನುವ ಹೆದರಿಕೆ ಬೇಡ, ಇಷ್ಟು ಕಡಿಮೆ ಸಲ ಎತ್ತಿದರೆ ಹಾಗೆ ದಿಢೀರ್ ಅಂತ ಊದಿಕೊಳ್ಳುವುದಿಲ್ಲ.

ಪಂದ್ಯಕ್ಕೆ ಹತ್ತಿರದ ಸಾಮು ಇನ್ನೊಂದಿದೆ. ನೀವು ನಡುವೆ ನಿಲ್ಲಬೇಕು. ಪ್ರತಿ 30 ಸೆಕೆಂಡಿಗೆ ಒಬ್ಬ ಹೊಸಬ ಒಳಗೆ ಬರುತ್ತಾನೆ, ಹೀಗೆ ಮೂರು ನಿಮಿಷ. ಆಮೇಲೆ 30 ಸೆಕೆಂಡ್ ಬಿಡುವು, ಮತ್ತೆ ಮೂರು ನಿಮಿಷ. ಅವನು ದಣಿದಿಲ್ಲ, ನೀವು ದಣಿದಿದ್ದೀರಿ. ಮುಗಿದ ಕೂಡಲೇ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ, ಎಷ್ಟು ಇಳಿಯಿತು ಅಂತ ಪುಸ್ತಕದಲ್ಲಿ ಬರೆಯಿರಿ. ವಾರ ಕಳೆದಂತೆ ಆ ಇಳಿಕೆ ಜಾಸ್ತಿಯಾಗುತ್ತಾ ಹೋದರೆ ದಾರಿ ಸರಿ ಇದೆ. ಇದನ್ನು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಪಂದ್ಯಕ್ಕೆ ವಾರ ಹತ್ತು ದಿನ ಇರುವಾಗ ಒಟ್ಟು ಕಸರತ್ತನ್ನು ಅರ್ಧಕ್ಕೆ ಇಳಿಸಿ, ಆದರೆ ಮಾಡಿದಷ್ಟನ್ನು ಜೋರಾಗಿಯೇ ಮಾಡಿ. ಕೊನೆಯ ವಾರ ಗಾಬರಿಯಲ್ಲಿ ಮೈ ಮುರಿದುಕೊಂಡರೆ ಹೊಸ ದಮ್ಮೇನೂ ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ.

ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ನೋಡಿಕೊಳ್ಳುವ ಅಭ್ಯಾಸವೂ ಒಳ್ಳೆಯದು. ದಿನಾ 56 ಇರುವುದು ಮೂರು ನಾಲ್ಕು ದಿನ 65ರ ಆಸುಪಾಸೇ ನಿಂತರೆ, ಆ ವಾರ ಸಾಮು ಕಡಿಮೆ ಮಾಡಿ ನಿದ್ದೆ ಜಾಸ್ತಿ ಮಾಡಿ.

ಒಂದು ಎಚ್ಚರಿಕೆ. ನಮ್ಮ ಗರಡಿಯಲ್ಲಿ ಒಬ್ಬ ಹುಡುಗ ವರ್ಷ ಬಿಟ್ಟು ಬಂದವನು ಪಂಥ ಕಟ್ಟಿ ಒಂದೇ ದಿನ ಸಾವಿರ ಬಸ್ಕಿ ಹೊಡೆದ. ಎರಡು ದಿನ ಬಿಟ್ಟು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು. ತೊಡೆ ಊದಿ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಸ್ನಾಯು ಒಡೆದು ಅದರ ಕಸ ಮೂತ್ರಪಿಂಡಕ್ಕೆ ಹೋಗುವ ಸ್ಥಿತಿ ಅದು, ರಾಬ್ಡೋಮಯೋಲಿಸಿಸ್ ಅಂತಾರೆ. ಆಸ್ಪತ್ರೆಯಲ್ಲಿ ನಾಲ್ಕು ದಿನ ಡ್ರಿಪ್ ಹಾಕಿದರು, ಬದುಕಿಕೊಂಡ. ಆ ಬಣ್ಣ ಕಂಡರೆ ಎಳನೀರು ಕುಡಿದು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನೀವು ಬರೆಯದೆ ಬಿಟ್ಟ ಒಂದು ವಿಷಯ ಇದೆ. ಮಾಮೂಲು ದಿನ ನಿಮ್ಮ ತೂಕ ಎಷ್ಟು? 69, 70 ಇದ್ದು ಪಂದ್ಯದ ಹಿಂದಿನ ಎರಡು ದಿನದಲ್ಲಿ 65ಕ್ಕೆ ಇಳಿಸುತ್ತಿದ್ದರೆ, ಮೇಲೆ ಬರೆದದ್ದೆಲ್ಲ ಅರ್ಧ ವ್ಯರ್ಥ. ನಾನು ಹಾಗೆ ಮಾಡಿದ್ದೇನೆ. ಮೈಗೆ ರೇನ್‌ಕೋಟ್ ಹಾಕಿ ಓಡಿ, ನೀರು ಬಿಟ್ಟು, ಬಾಯಲ್ಲಿ ಚ್ಯೂಯಿಂಗ್ ಗಮ್ ಇಟ್ಟುಕೊಂಡು ಉಗುಳಿ ಉಗುಳಿ ನಾಲ್ಕು ಕೆಜಿ ಇಳಿಸಿದೆ. ಮೊದಲ ಪಿರಿಯಡ್ 6-0 ಮುಂದೆ ಇದ್ದೆ. ಎರಡನೇ ಪಿರಿಯಡ್‌ನಲ್ಲಿ ಅವನು ನಾಲ್ಕು ಸಲ ಕೆಡವಿದ, ತಲಾ ಎರಡು ಪಾಯಿಂಟ್. 6-8. ಅವನು ಬರುತ್ತಿರುವುದು ಕಾಣುತ್ತಿತ್ತು, ಕಾಲು ಹಿಂದೆ ಹೋಗುತ್ತಿರಲಿಲ್ಲ. ನೀರಿನ ಜೊತೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ (ಅನ್ನ, ರೊಟ್ಟಿಯಿಂದ ಬರುವ ಸಕ್ಕರೆಯ ದಾಸ್ತಾನು) ಕೂಡ ಖಾಲಿಯಾಗಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ದಿನ ಮೂರು ಪಂದ್ಯ ಗೆದ್ದು, ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂದು ಹೊರಬಿದ್ದದ್ದು ಎಲ್ಲರಿಗೂ ನೆನಪಿದೆ. ಅಮೆರಿಕದಲ್ಲಿ 1997ರ ಕೊನೆಗೆ ಹೀಗೆ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತೇ ಹೋದರು, ಆಮೇಲೆ ಅಲ್ಲಿ ನಿಯಮ ಬದಲಾಯಿತು. ತಿಂಗಳು ಮೊದಲೇ ನಿಧಾನಕ್ಕೆ ಇಳಿಸಿ, ಆಗದಿದ್ದರೆ ಮೇಲಿನ ವರ್ಗಕ್ಕೆ ಹೋಗಿ.

ಊಟದಲ್ಲಿ ಬಾದಾಮಿ, ತುಪ್ಪ, ಹಾಲು ಬಿಡಿ ಅನ್ನುವುದಿಲ್ಲ. ಆದರೆ ಆರು ನಿಮಿಷದ ಜೋರಿಗೆ ಉರಿಯುವುದು ತುಪ್ಪ ಅಲ್ಲ; ಅನ್ನ, ಮುದ್ದೆ, ರೊಟ್ಟಿ, ಬಾಳೆಹಣ್ಣು. ನಮ್ಮ ಹುಡುಗರು ಮಾಂಸಕ್ಕೆ ಕೊಡುವ ಮರ್ಯಾದೆ ಅನ್ನಕ್ಕೆ ಕೊಡುವುದಿಲ್ಲ. ಕ್ರಿಯಾಟಿನ್ ಪುಡಿ ದಿನಕ್ಕೆ 3ರಿಂದ 5 ಗ್ರಾಂ ಕೆಲಸ ಮಾಡುತ್ತದೆ, ನಿಷೇಧಿತ ಅಲ್ಲ. ಆದರೆ ನೀರು ಹಿಡಿದು ಒಂದು ಕೆಜಿ ತೂಕ ಏರಿಸಬಹುದು, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಗೊತ್ತಿಲ್ಲದ ಡಬ್ಬಿಯ "ಪ್ರೀ ವರ್ಕೌಟ್" ಮುಟ್ಟಲೇಬೇಡಿ. ಒಳಗೆ ಏನು ಬೆರೆತಿದೆಯೋ, ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಶಿಕ್ಷೆ ನಿಮಗೇ, ಡಬ್ಬಿ ಮಾರಿದವನಿಗಲ್ಲ. ಇಷ್ಟೆಲ್ಲ ಸರಿ ಮಾಡಿಯೂ ಎರಡು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಕಬ್ಬಿಣದ ಅಂಶ ಕಡಿಮೆ ಇದ್ದರೆ ಯಾವ ಸಾಮೂ ದಮ್ಮು ಕೊಡುವುದಿಲ್ಲ.

ಕಳೆದ ಪಂದ್ಯದ ವಿಡಿಯೋ ಇದ್ದರೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮೊದಲ ಪಿರಿಯಡ್ ಮಾತ್ರ ಹಾಕಿ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು, ಎದುರಾಳಿಯ ಕೈಯನ್ನೋ ಕತ್ತನ್ನೋ ಬಿಗಿ ಹಿಡಿದು, ಏನೂ ಮಾಡದೆ ಸುಮ್ಮನೆ ನಿಂತ ಹೊತ್ತನ್ನೆಲ್ಲ ಕೂಡಿಸಿ. ನನ್ನ ಆ 6-8 ಪಂದ್ಯದ್ದು ಅಣ್ಣ ಮೊಬೈಲ್‌ನಲ್ಲಿ ತೆಗೆದಿದ್ದ. ಮೂರು ನಿಮಿಷದಲ್ಲಿ ಒಂದು ನಿಮಿಷ ಐವತ್ತು ಸೆಕೆಂಡ್ ಬಂತು. ನಿಮ್ಮದು ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.